ಬಿಲ್ಲಿನಲ್ಲಿ ತಿಂಗಳಿದೆ, ಗಂಟೆ ಎಲ್ಲಿದೆ?

'ಎಷ್ಟು ಹೊತ್ತು ಬರುತ್ತೆ?'

ಯುಪಿಎಸ್ ತಗೊಳ್ಳೋಕೆ ತಾಲ್ಲೂಕು ಕೇಂದ್ರದ ಅಂಗಡಿಗೆ ಹೋದವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಅಂಗಡಿಯವರ ಉತ್ತರವೂ ಎಲ್ಲ ಕಡೆ ಒಂದೇ: 'ನಾಲ್ಕೈದು ಗಂಟೆ ಆರಾಮಾಗಿ ಬರುತ್ತೆ ಬಿಡಿ.' ನಿಮ್ಮ ಮನೆಯಲ್ಲಿ ಎಷ್ಟು ಫ್ಯಾನ್ ಇದೆ ಅಂತ ಕೇಳಿದರಾ? ಇಲ್ಲ. ಟಿವಿ ಓಡಿಸುತ್ತೀರಾ ಅಂತ ಕೇಳಿದರಾ? ಅದೂ ಇಲ್ಲ. ನಿಮ್ಮೂರಲ್ಲಿ ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತೆ, ಬಂದಾಗ ವೋಲ್ಟೇಜ್ ಎಷ್ಟಿರುತ್ತೆ ಅಂತಂತೂ ಯಾರೂ ಕೇಳಲ್ಲ. ಏನೂ ಕೇಳದೆ ಹೇಳಿದ ಗಂಟೆಗೆ ಏನು ಬೆಲೆ?

ಹತ್ತು ರೂಪಾಯಿ ಬಿಸ್ಕೆಟ್ ಪೊಟ್ಟಣದ ಮೇಲೂ ಒಳಗೆ ಎಷ್ಟು ಗ್ರಾಂ ಇದೆ ಅಂತ ಅಚ್ಚು ಹಾಕಿರುತ್ತಾರೆ. ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು, ರಂಜಕ ಎಷ್ಟು ಅಂತ ಶೇಕಡಾ ಸಮೇತ ಇರುತ್ತದೆ. ಇಪ್ಪತ್ತು ಸಾವಿರ, ಇಪ್ಪತ್ತೈದು ಸಾವಿರ ಕೊಟ್ಟು ತರುವ ಯುಪಿಎಸ್ ಬ್ಯಾಟರಿಗೆ ಮಾತ್ರ, ನಾವು ಯಾವುದಕ್ಕಾಗಿ ದುಡ್ಡು ಕೊಡುತ್ತೇವೋ ಆ ಗಂಟೆಯ ಲೆಕ್ಕ ಬಿಲ್ಲಿನಲ್ಲಿ ಇಲ್ಲ. ವಾರಂಟಿ ಇಷ್ಟು ತಿಂಗಳು ಅಂತ ಇರುತ್ತದೆ. ಗಂಟೆ ಇರುವುದಿಲ್ಲ. ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಗುತ್ತದೆ.

ಅಂಗಡಿಯವರು ಗಂಟೆಯನ್ನು ಬರೆದುಕೊಡಬೇಕು, ಕರೆಂಟ್ ಕಂಪನಿಯವರು ತಮ್ಮ ಗಂಟೆಯನ್ನೂ ಬರೆದು ಹಾಕಬೇಕು. ಈ ಬರಹದ ಬೇಡಿಕೆ ಇಷ್ಟೇ. ಅದಕ್ಕೆ ಮೊದಲು ಲೆಕ್ಕ ನಮಗೆ ಗೊತ್ತಿರಬೇಕು.

ಲೆಕ್ಕ ಕಷ್ಟದ್ದೇನಲ್ಲ

'ಹಳ್ಳಿಯವರಿಗೆ ವಾಟ್, ಆಂಪಿಯರ್ ಎಲ್ಲ ಅರ್ಥ ಆಗಲ್ಲ ಸಾರ್, ಅದಕ್ಕೆ ಸುಮ್ಮನೆ ಗಂಟೆ ಹೇಳಿಬಿಡ್ತೀವಿ' ಎಂಬ ಮಾತನ್ನು ನಾವು ಕೇಳಿದ್ದೇವೆ. ಇದು ಅವಮಾನದ ಮಾತು. ಬೋರ್‌ವೆಲ್ ಎಷ್ಟು ಅಡಿ, ನೀರು ಎಷ್ಟು ಇಂಚು, ಅದಕ್ಕೆ ಎಷ್ಟು ಎಚ್‌ಪಿ ಮೋಟರ್, ಪಂಪಿಗೆ ಎಷ್ಟು ಸ್ಟೇಜ್, ಒಂದು ಲೈನಿಗೆ ಎಷ್ಟು ಜೆಟ್ ಕೂರಿಸಬಹುದು ಅಂತ ಬಾಯಲ್ಲೇ ಲೆಕ್ಕ ಹಾಕುವ ರೈತರಿಗೆ ಬ್ಯಾಟರಿ ಲೆಕ್ಕ ಅರ್ಥ ಆಗಲ್ವಂತೆ! ಅರ್ಥ ಆದರೆ ಪ್ರಶ್ನೆ ಕೇಳುತ್ತಾರೆ, ತೊಂದರೆ ಇರುವುದು ಅಲ್ಲಿ.

ನೋಡಿ, ಬ್ಯಾಟರಿ ಮೇಲೆ 12 ವೋಲ್ಟ್, 150 ಎಎಚ್ ಅಂತ ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ 1800. ಅಂದರೆ ಕಾಗದದ ಮೇಲೆ 1800 ವಾಟ್-ಗಂಟೆ. 100 ವಾಟ್ ಉರಿಸಿದರೆ 18 ಗಂಟೆ ಬರಬೇಕಲ್ಲವೇ? ಬರುವುದಿಲ್ಲ. ಮೂರು ಕಡೆ ಸೋರಿಕೆ ಇದೆ.

ಒಂದು, ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು. ಪ್ರತಿ ಸಲ ತಳ ಕಾಣಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ನೂರರಲ್ಲಿ ಎಂಬತ್ತು ಪಾಲು ಬಳಸಬಹುದು ಅಂತ ಇಟ್ಟುಕೊಳ್ಳಿ. 1800 ಇದ್ದದ್ದು 1440 ಆಯಿತು.

ಎರಡು, ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟ್ ಮಾಡುವಾಗ ಯುಪಿಎಸ್ ತಾನೇ ಒಂದಷ್ಟು ತಿನ್ನುತ್ತದೆ. ಅದರ ಮೈ ಬಿಸಿಯಾಗುವುದು, ಒಳಗಿನ ಫ್ಯಾನ್ ತಿರುಗುವುದು ಎಲ್ಲ ನಮ್ಮ ಲೆಕ್ಕದಲ್ಲೇ. ನೂರರಲ್ಲಿ ಇಪ್ಪತ್ತು ಹೋಯಿತು ಅನ್ನಿ. 1440 ಇದ್ದದ್ದು ಸುಮಾರು 1150 ಆಯಿತು.

ಮೂರನೆಯದನ್ನು ಯಾರೂ ಹೇಳುವುದಿಲ್ಲ. 150 ಎಎಚ್ ಪಕ್ಕದಲ್ಲಿ ಸಣ್ಣಗೆ 'ಸಿ20' ಅಂತ ಇರುತ್ತದೆ, ನೋಡಿದ್ದೀರಾ? 20 ಗಂಟೆ ಕಾಲ, ಗಂಟೆಗೆ ಏಳೂವರೆ ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ ಮಾತ್ರ 150 ಸಿಗುತ್ತದೆ ಅಂತ ಅದರ ಅರ್ಥ. ಜೋರಾಗಿ ಎಳೆದರೆ ಅದೇ ಬ್ಯಾಟರಿ ಕಡಿಮೆ ಕೊಡುತ್ತದೆ. 250 ವಾಟ್ ಲೋಡ್ ಇರುವ ಮನೆ ಬ್ಯಾಟರಿಯಿಂದ ಸುಮಾರು 26 ಆಂಪಿಯರ್ ಎಳೆಯುತ್ತದೆ. ಏಳೂವರೆ ಎಲ್ಲಿ, 26 ಎಲ್ಲಿ? ಆಗ 150ರ ಬ್ಯಾಟರಿ 120-125ರ ಬ್ಯಾಟರಿಯಂತೆ ನಡೆದುಕೊಳ್ಳುತ್ತದೆ.

ಇಷ್ಟನ್ನೂ ಒಟ್ಟು ಮಾಡಿದರೆ ಸಿಗುವುದು ಒಂದು ಸುಲಭ ಸೂತ್ರ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ:

ಹೊಸ ಬ್ಯಾಟರಿಯಾದರೆ ಎಎಚ್ ಅನ್ನು 6ರಿಂದ ಗುಣಿಸಿ. ಎರಡು-ಮೂರು ವರ್ಷ ಹಳೆಯದಾದರೆ 4ರಿಂದ ಗುಣಿಸಿ. ಬಂದದ್ದನ್ನು ನಿಮ್ಮ ಲೋಡಿನ ವಾಟ್‌ನಿಂದ ಭಾಗಿಸಿ. ಅದೇ ನಿಮ್ಮ ಗಂಟೆ.

ಎರಡು ಬ್ಯಾಟರಿ ಇದ್ದರೆ ಅದರ ಎರಡು ಪಟ್ಟು. ಇದು ಸೀಸದ ಬ್ಯಾಟರಿಯ ಮಾತು. ಈಗ ಬರುತ್ತಿರುವ ಲಿಥಿಯಂ ಬ್ಯಾಟರಿಯಲ್ಲಿ ಸೋರಿಕೆ ಕಡಿಮೆ, ಹೆಚ್ಚುಕಡಿಮೆ ತಳದವರೆಗೆ ಬಳಸಬಹುದು. ಅದಕ್ಕೆ 9ರಿಂದ ಗುಣಿಸಬಹುದು. ಬೆಲೆ ಮಾತ್ರ ಜಾಸ್ತಿ.

ಒಂದು ಮನೆಯ ಲೆಕ್ಕ

ಹಳ್ಳಿಯ ಒಂದು ಸಾಧಾರಣ ಮನೆ ಇಟ್ಟುಕೊಳ್ಳಿ. ಹಳೇ ಮಾದರಿಯ ಎರಡು ಸೀಲಿಂಗ್ ಫ್ಯಾನ್, ಒಂದೊಂದು 75 ವಾಟ್, ಒಟ್ಟು 150. ನಾಲ್ಕು ಎಲ್‌ಇಡಿ ಬಲ್ಬ್, ಒಂದೊಂದು 9 ವಾಟ್, ಒಟ್ಟು 36. ಸಣ್ಣ ಎಲ್‌ಇಡಿ ಟಿವಿ 50. ಸೆಟ್‌ಟಾಪ್ ಬಾಕ್ಸ್ 14. ಎಲ್ಲ ಸೇರಿ 250 ವಾಟ್.

150 ಎಎಚ್ ಹೊಸ ಬ್ಯಾಟರಿ: 150 ಗುಣಿಸು 6, ಅಂದರೆ 900. ಭಾಗಿಸು 250. ಮೂರೂವರೆ ಗಂಟೆ ಚಿಲ್ಲರೆ. ಅದೇ ಬ್ಯಾಟರಿಗೆ ಮೂರು ವರ್ಷವಾಗಿದ್ದರೆ 600 ಭಾಗಿಸು 250, ಎರಡೂವರೆ ಗಂಟೆಗೂ ಕಡಿಮೆ. ಅಂಗಡಿಯಲ್ಲಿ ಹೇಳಿದ 'ನಾಲ್ಕೈದು ಗಂಟೆ' ಈ ಮನೆಗೆ ಮೊದಲ ದಿನವೂ ಬಂದಿರಲಿಲ್ಲ!

ಈಗ ಅದೇ ಮನೆಯಲ್ಲಿ ಟಿವಿ, ಬಾಕ್ಸ್ ಎರಡನ್ನೂ ಬಂದ್ ಮಾಡಿ. ಲೋಡ್ 186ಕ್ಕೆ ಇಳಿಯಿತು, ಹೊಸ ಬ್ಯಾಟರಿಯಲ್ಲಿ ಹೊತ್ತು ಐದು ಗಂಟೆಯ ಹತ್ತಿರ ಬಂತು. ಅಥವಾ ಹಳೇ ಫ್ಯಾನ್ ತೆಗೆದು ಬಿಎಲ್‌ಡಿಸಿ ಫ್ಯಾನ್ ಹಾಕಿ. ಅದು 30 ವಾಟ್ ಆಸುಪಾಸು ತಿನ್ನುತ್ತದೆ. ಟಿವಿ ಓಡುತ್ತಿದ್ದರೂ ಲೋಡ್ 160. ಹೊತ್ತು ಐದೂವರೆ ಗಂಟೆ ದಾಟಿತು. ಬ್ಯಾಟರಿ ಅದೇ, ಯುಪಿಎಸ್ ಅದೇ. 'ಹೊತ್ತು ಸಾಲ್ತಿಲ್ಲ' ಅಂತ ಹೋದರೆ ಅಂಗಡಿಯಲ್ಲಿ ಇದನ್ನು ಹೇಳುತ್ತಾರಾ? ಇನ್ನೊಂದು ಬ್ಯಾಟರಿ ಸೇರಿಸಿ ಅನ್ನುತ್ತಾರೆ. ಎರಡು ಫ್ಯಾನ್ ಬದಲಿಸುವುದಕ್ಕೆ ಎರಡನೇ ಬ್ಯಾಟರಿಗಿಂತ ಎಷ್ಟೋ ಕಡಿಮೆ ದುಡ್ಡು ಸಾಕು.

ದೊಡ್ಡ ಯುಪಿಎಸ್ ಎಂಬ ಸುಳ್ಳು

ಅಂಗಡಿಯ ಇನ್ನೊಂದು ಮಾತು: '900 ವಿಎ ಯಾಕೆ, 1500 ಹಾಕ್ಸಿ, ಜಾಸ್ತಿ ಹೊತ್ತು ಬರುತ್ತೆ.'

ಮೋಟರಿನ ಎಚ್‌ಪಿ ಜಾಸ್ತಿ ಮಾಡಿದರೆ ಬಾವಿಯಲ್ಲಿ ನೀರು ಜಾಸ್ತಿಯಾಗುತ್ತದೆಯೇ? ಬಾವಿ ಬೇಗ ಖಾಲಿಯಾಗುತ್ತದೆ, ಅಷ್ಟೇ. ಯುಪಿಎಸ್ ಮೋಟರ್ ಇದ್ದಂತೆ, ಬ್ಯಾಟರಿ ಬಾವಿ ಇದ್ದಂತೆ. ಒಂದೇ ಸಲಕ್ಕೆ ಎಷ್ಟು ಲೋಡ್ ಹೊರಬಹುದು ಅನ್ನುವುದನ್ನು ವಿಎ ಹೇಳುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ಬ್ಯಾಟರಿಯ ಎಎಚ್ ಹೇಳುತ್ತದೆ. ಮಿಕ್ಸಿಯಂಥದ್ದನ್ನೂ ಓಡಿಸಬೇಕು ಅಂದರೆ ವಿಎ ಜಾಸ್ತಿ ಬೇಕಾಗಬಹುದು. ಆದರೆ ಹೊತ್ತು ಜಾಸ್ತಿ ಬೇಕು ಅಂತ ದೊಡ್ಡ ಯುಪಿಎಸ್ ಮಾರುವುದು ಮೋಸ. ಬ್ಯಾಟರಿ ಬದಲಾಗದಿದ್ದರೆ ಗಂಟೆ ಹೆಚ್ಚುವುದಿಲ್ಲ. ಏನೂ ಹಾಕದೆ ಸುಮ್ಮನೆ ಆನ್ ಇಟ್ಟರೂ ಯುಪಿಎಸ್ ತನ್ನ ಪಾಲು ತಿನ್ನುತ್ತಲೇ ಇರುತ್ತದೆ.

ಹಳ್ಳಿಯಲ್ಲಿ ಲೆಕ್ಕ ಯಾಕೆ ಇನ್ನೂ ಕೆಡುತ್ತದೆ

ಮೇಲಿನ ಲೆಕ್ಕವೆಲ್ಲ ಬ್ಯಾಟರಿ ತುಂಬಿದೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಪಟ್ಟಣದಲ್ಲಿ ಕರೆಂಟ್ ಹೋಗುವುದು ಒಂದು ಗಂಟೆ, ಇರುವುದು ಇಪ್ಪತ್ಮೂರು ಗಂಟೆ. ಅಲ್ಲಿ ಬ್ಯಾಟರಿ ತುಂಬಿಯೇ ಇರುತ್ತದೆ. ನಮ್ಮಲ್ಲಿ?

150 ಎಎಚ್ ಬ್ಯಾಟರಿ ಖಾಲಿಯಾದರೆ ತುಂಬಲು ಹತ್ತು-ಹನ್ನೆರಡು ಗಂಟೆ ಬೇಕು. ಎರಡು ಗಂಟೆ ಕರೆಂಟ್ ಕೊಟ್ಟು ಮತ್ತೆ ತೆಗೆದರೆ ಒಳಗೆ ಹೋಗುವುದು 24 ಎಎಚ್ ಆಸುಪಾಸು. ಮೇಲಿನ 250 ವಾಟ್ ಮನೆಗೆ ಅದರಿಂದ ಸಿಗುವುದು ಮುಕ್ಕಾಲು ಗಂಟೆ. ಎರಡು ಗಂಟೆ ಕೊಟ್ಟು ಎರಡು ಗಂಟೆ ತೆಗೆಯುವ ದಿನಗಳಲ್ಲಿ ಬ್ಯಾಟರಿ ತುಂಬುವುದೇ ಇಲ್ಲ. ಸದಾ ಅರೆಹೊಟ್ಟೆಯಲ್ಲಿರುವ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಅದರ ಪ್ಲೇಟಿನ ಮೇಲೆ ಗಟ್ಟಿ ಪದರ ಕಟ್ಟಿಕೊಂಡು, ಮತ್ತೆ ಕರಗುವುದಿಲ್ಲ. ಪಟ್ಟಣದಲ್ಲಿ ಐದು ವರ್ಷ ಬಾಳಿದ ಬ್ಯಾಟರಿ ಹಳ್ಳಿಯಲ್ಲಿ ಮೂರು ವರ್ಷಕ್ಕೆ ಮಲಗಿದರೆ 'ನೀರು ಸರಿಯಾಗಿ ಹಾಕಿಲ್ಲ' ಅಂತ ನಮ್ಮನ್ನೇ ಬೈಯುತ್ತಾರೆ.

ಇನ್ನೊಂದು ಸಂಗತಿ ಲೋ ವೋಲ್ಟೇಜ್. ಊರ ಕೊನೆಯ ಮನೆಗಳಲ್ಲಿ ಸಂಜೆ ಹೊತ್ತು ಬಲ್ಬ್ ಮಿಣುಕುತ್ತಿರುತ್ತದೆ. ಯುಪಿಎಸ್ ಹಿಂದೆ ಅಥವಾ ಮುಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, 'ಯುಪಿಎಸ್' ಮತ್ತು 'ಇಕೋ' ಅಂತಲೋ 'ನಾರ್ಮಲ್' ಅಂತಲೋ. ಅದು ಯುಪಿಎಸ್ ಕಡೆ ಇದ್ದರೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಇಳಿದ ಕೂಡಲೇ ಕರೆಂಟ್ ಹೋಯಿತು ಅಂದುಕೊಂಡು ಬ್ಯಾಟರಿ ಮೇಲೆ ಓಡುತ್ತದೆ. ಅಂದರೆ ಕಂಬದಲ್ಲಿ ಕರೆಂಟ್ ಇದ್ದಾಗಲೂ ನಿಮ್ಮ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಆಮೇಲೆ ನಿಜವಾಗಿ ಕರೆಂಟ್ ಹೋದಾಗ ಅರ್ಧ ಗಂಟೆಗೇ ಕೀ ಕೀ ಅನ್ನುತ್ತದೆ. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಆ ಸ್ವಿಚ್ಚನ್ನು ಇನ್ನೊಂದು ಕಡೆ ಹಾಕಿಕೊಳ್ಳಿ. ಎಷ್ಟು ಜನ ಕೂರಿಸುವವರು ಇದನ್ನು ತೋರಿಸಿಕೊಟ್ಟಿದ್ದಾರೆ, ನಿಮ್ಮ ಬೀದಿಯಲ್ಲೇ ಕೇಳಿ ನೋಡಿ.

ಉಸಿರಿನ ಪ್ರಶ್ನೆಯೂ ಹೌದು

ಫ್ಯಾನ್ ನಿಂತರೆ ಬೆವರುತ್ತೇವೆ, ಬೀಸಣಿಗೆ ಹಿಡಿಯುತ್ತೇವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಬರುವುದೇ ಬೇಸಿಗೆಯ ಬಾಯಲ್ಲಿ. ಆಗ ಓದುವ ಮಕ್ಕಳಿಗೆ ಒಂದು ಬಲ್ಬಾದರೂ ಉಳಿಯಲಿ ಅಂತ ಟಿವಿ ಬಂದ್ ಮಾಡಬಹುದು. ಆದರೆ ಕೆಲವು ಮನೆಗಳಲ್ಲಿ ಈಗ ಆಕ್ಸಿಜನ್ ಕಾನ್ಸನ್ಟ್ರೇಟರ್ ಇದೆ. ಕೋವಿಡ್ ನಂತರ ಶ್ವಾಸಕೋಶದ ತೊಂದರೆ ಇರುವವರನ್ನು 'ಮನೆಯಲ್ಲೇ ಇಟ್ಟು ನೋಡಿಕೊಳ್ಳಿ' ಅಂತ ಕಳಿಸುವುದು ಹೆಚ್ಚಾಗಿದೆ.

ಐದು ಲೀಟರಿನ ಆ ಯಂತ್ರ 300ರಿಂದ 350 ವಾಟ್ ತಿನ್ನುತ್ತದೆ. ನಮ್ಮ ಸೂತ್ರ ಹಾಕಿ: 900 ಭಾಗಿಸು 350. ಎರಡೂವರೆ ಗಂಟೆ. ಅದೂ ಹೊಸ ಬ್ಯಾಟರಿ, ಪೂರ್ತಿ ತುಂಬಿರಬೇಕು, ಮನೆಯಲ್ಲಿ ಒಂದು ಬಲ್ಬ್ ಕೂಡ ಉರಿಯಬಾರದು. ಹಳೇ ಬ್ಯಾಟರಿಯಾದರೆ ಒಂದೂಮುಕ್ಕಾಲು ಗಂಟೆ. ಅಂಥ ಮನೆಯವರಿಗೆ 'ನಾಲ್ಕೈದು ಗಂಟೆ ಬರುತ್ತೆ ಬಿಡಿ' ಅಂತ ಹೇಳುವುದು ವ್ಯಾಪಾರದ ಮಾತಾಗಿ ಉಳಿಯುವುದಿಲ್ಲ. ಅದು ಅಪಾಯ. ಅಂಥ ಮನೆಯಲ್ಲಿ ಸೈನ್ ವೇವ್ ಯುಪಿಎಸ್ಸೇ ಇರಬೇಕು, ಜೊತೆಗೆ ತುಂಬಿದ ಆಕ್ಸಿಜನ್ ಸಿಲಿಂಡರ್ ಒಂದು ಸದಾ ಇರಬೇಕು. ಯುಪಿಎಸ್ ನಂಬಿ ಕೂರಬೇಡಿ. ಆಂಬುಲೆನ್ಸ್ ಕರೆಯೋಣ ಅಂದರೆ, ಹೊತ್ತು ಹೆಚ್ಚಾದಂತೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದು ನೆಟ್‌ವರ್ಕ್ ಹೋಗಿರುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕದ ಇನ್ನರ್ಧ ಕಂಪನಿಯ ಹತ್ತಿರ ಇದೆ

ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅನ್ನುವುದು ಅರ್ಧ ಲೆಕ್ಕ. ಕರೆಂಟ್ ಎಷ್ಟು ಹೊತ್ತು ಹೋಗುತ್ತೆ ಅನ್ನುವುದು ಇನ್ನರ್ಧ. ಅದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್, ಯಾರದ್ದೇ ಆಗಲಿ, ಅವರ ಸಬ್‌ಸ್ಟೇಷನ್ನಿನ ಲಾಗ್ ಬುಕ್ಕಿನಲ್ಲಿದೆ. ಯಾವ ಫೀಡರ್ ಎಷ್ಟು ಗಂಟೆಗೆ ಬಂದ್ ಆಯಿತು, ಎಷ್ಟಕ್ಕೆ ಚಾಲೂ ಆಯಿತು ಅಂತ ಅಲ್ಲಿ ಬರೆಯುತ್ತಾರೆ. ನಗರದ ಜನಕ್ಕೆ 'ಇಂದು ವಿದ್ಯುತ್ ವ್ಯತ್ಯಯ' ಅಂತ ಬಡಾವಣೆ ಹೆಸರು, ಸಮಯ ಸಮೇತ ಪೇಪರಿನಲ್ಲಿ ಬರುತ್ತದೆ. ನಮಗೆ ಬರುವುದು ಲೈನ್‌ಮ್ಯಾನ್ ಫೋನ್ ನಂಬರ್ ಒಂದೇ. ಆ ಒಬ್ಬ ಮನುಷ್ಯ ಹತ್ತಾರು ಹಳ್ಳಿ ನೋಡಬೇಕು, ಮಳೆಯಲ್ಲಿ ಕಂಬ ಹತ್ತಬೇಕು, ಜೊತೆಗೆ ಎಲ್ಲರ ಬೈಗುಳವನ್ನೂ ಕೇಳಬೇಕು. ಅವರನ್ನು ಬೈದು ಏನೂ ಪ್ರಯೋಜನವಿಲ್ಲ. ಮಾಹಿತಿ ಕೊಡಬೇಕಾದವರು ಮೇಲಿದ್ದಾರೆ.

ನಿಯಮದಲ್ಲೇ ನಮ್ಮನ್ನು ಹಿಂದೆ ಕೂರಿಸಿದ್ದಾರೆ ನೋಡಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2004ರ ಸೇವಾ ಮಾನದಂಡದಲ್ಲಿ ಟಿಸಿ ಸುಟ್ಟರೆ ನಗರದಲ್ಲಿ 24 ಗಂಟೆಯೊಳಗೆ ಸರಿಮಾಡಬೇಕು, ಹಳ್ಳಿಯಲ್ಲಿ 72 ಗಂಟೆಯೊಳಗೆ. ಮೂರು ದಿನ! ಮೂರು ದಿನ ತಡೆಯುವ ಯುಪಿಎಸ್ ಯಾವ ಅಂಗಡಿಯಲ್ಲಿದೆ? ಇತ್ತ 2020ರ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ, ದಿನದ 24 ಗಂಟೆಯೂ ಮನೆಗಳಿಗೆ ಕರೆಂಟ್ ಕೊಡಬೇಕು ಅನ್ನುತ್ತದೆ. ಕೃಷಿಯಂಥ ಕೆಲವು ವರ್ಗಕ್ಕೆ ಮಾತ್ರ ಆಯೋಗ ಕಡಿಮೆ ಗಂಟೆ ಗೊತ್ತುಮಾಡಬಹುದು. ಮನೆಯ ಲೈನು ಬೇರೆ, ಪಂಪ್‌ಸೆಟ್ ಲೈನು ಬೇರೆ ಇರಲಿ ಅಂತಲೇ ನಿರಂತರ ಜ್ಯೋತಿ ಯೋಜನೆ ಬಂತು. ಆದರೂ 2023ರ ಬರದ ವರ್ಷದಂತೆ ಕೊರತೆ ಬಂದಾಗ ಮೊದಲು ಕತ್ತಲಾಗುವುದು ಯಾವ ಫೀಡರ್?

ಇದರ ಮೇಲೆ ದುಡ್ಡಿನ ಹೊರೆಯೂ ಇದೆ. ಬ್ಯಾಟರಿಯಿಂದ ಒಂದು ಯೂನಿಟ್ ಬಳಸಬೇಕಾದರೆ ಅದನ್ನು ತುಂಬಲು ಮೀಟರಿನಲ್ಲಿ ಒಂದೂವರೆಯಿಂದ ಎರಡು ಯೂನಿಟ್ ಓಡುತ್ತದೆ. ದಿನಾ ಒಂದು ಯೂನಿಟ್ ಬ್ಯಾಟರಿಯಿಂದ ಬಳಸಿದರೆ ತಿಂಗಳಿಗೆ 45ರಿಂದ 60 ಯೂನಿಟ್. ಅದೇ 30 ಯೂನಿಟ್ ನೇರವಾಗಿ ಲೈನಿನಿಂದ ಬಂದಿದ್ದರೆ ಸಾಕಿತ್ತು. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚುವರಿ ಮಾತ್ರ. ಅದನ್ನು ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಕರೆಂಟ್ ತೆಗೆದದ್ದು ಅವರು, ಅದರ ಬಿಲ್ ಕಟ್ಟುವುದು ನಾವು.

ಅಂಗಡಿಯವರ ತಕರಾರಿಗೆ ಉತ್ತರ

'ನಿಮ್ಮ ಲೋಡ್ ನಮಗೆ ಹೇಗೆ ಗೊತ್ತಾಗಬೇಕು?' ಗೊತ್ತಾಗಬೇಕಿಲ್ಲ. 100 ವಾಟ್‌ಗೆ ಎಷ್ಟು ಗಂಟೆ, 200ಕ್ಕೆ ಎಷ್ಟು, 300ಕ್ಕೆ ಎಷ್ಟು ಅಂತ ಮೂರು ಸಾಲು ಬರೆಯಿರಿ. ಕೂಡಿಸುವುದು ನಮಗೆ ಬರುತ್ತದೆ.

'ಬ್ಯಾಟರಿ ಹಳೇದಾದರೆ ಕಡಿಮೆ ಆಗುತ್ತೆ, ಆಮೇಲೆ ಜಗಳಕ್ಕೆ ಬರ್ತೀರಿ.' ಹೊಸದರಲ್ಲಿ ಎಷ್ಟು, ವಾರಂಟಿ ಮುಗಿಯುವ ಹೊತ್ತಿಗೆ ಎಷ್ಟು ಅಂತ ಎರಡನ್ನೂ ಬರೆಯಿರಿ. ಈಗ ವಾರಂಟಿಗೆ ಹೋದರೆ ಮೀಟರ್ ಹಿಡಿದು 'ವೋಲ್ಟೇಜ್ ಬರ್ತಿದೆ, ಬ್ಯಾಟರಿ ಚೆನ್ನಾಗಿದೆ' ಅಂತ ವಾಪಸ್ ಕಳಿಸುತ್ತಾರೆ. ವೋಲ್ಟೇಜ್ ಇದ್ದರೆ ಹೊತ್ತು ಬರುತ್ತದೆ ಅಂತ ಅರ್ಥವಲ್ಲ. ಗಂಟೆ ಬರೆದಿದ್ದರೆ ಗಂಟೆಯಲ್ಲೇ ಪರೀಕ್ಷೆ ಮಾಡಬಹುದು.

'ಕಂಪನಿಯವರೇ ಬರೆಯಲ್ಲ, ನಾವು ಯಾಕೆ ಬರೀಬೇಕು?' ಬಾಯಲ್ಲಿ ಹೇಳಿ ಮಾರುತ್ತಿರುವವರು ನೀವು, ಅದಕ್ಕೆ. ಕೊಳ್ಳುವ ವಸ್ತುವಿನ ಗುಣ, ಪ್ರಮಾಣ, ಸಾಮರ್ಥ್ಯ ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೊಳ್ಳುವವರ ಹಕ್ಕು.

ಈಗ ಮಾಡಬಹುದಾದ್ದು

ನಿಮ್ಮ ಮನೆಯ ಯುಪಿಎಸ್ಸನ್ನು ನೀವೇ ಪರೀಕ್ಷೆ ಮಾಡಿ. ಬ್ಯಾಟರಿ ಪೂರ್ತಿ ತುಂಬಿದ ಒಂದು ಭಾನುವಾರ ಹಗಲು ಹೊತ್ತು ಮೇನ್ ಆಫ್ ಮಾಡಿ, ದಿನಾ ಬಳಸುವಷ್ಟೇ ಲೋಡ್ ಹಾಕಿ, ಗಡಿಯಾರ ನೋಡಿ. ಲೋ ಬ್ಯಾಟರಿ ಕೂಗು ಬಂದ ಕೂಡಲೇ ನಿಲ್ಲಿಸಿ ಮೇನ್ ಆನ್ ಮಾಡಿ. ತಾರೀಖು, ಗಂಟೆ ಎರಡನ್ನೂ ಬ್ಯಾಟರಿ ಮೈಮೇಲೆ ಮಾರ್ಕರ್‌ನಿಂದ ಬರೆಯಿರಿ. ಆರು ತಿಂಗಳಿಗೊಮ್ಮೆ ಮತ್ತೆ ಮಾಡಿ. ವಾರಂಟಿ ಇರುವಾಗಲೇ ಹೊತ್ತು ಅರ್ಧಕ್ಕೆ ಇಳಿದಿದ್ದರೆ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೋರ್ ನೀರು ಹಾಕಬೇಡಿ. ಬ್ಯಾಟರಿಯನ್ನು ಗಾಳಿಯಾಡುವ ಕಡೆ ಇಡಿ, ಚಾರ್ಜ್ ಆಗುವಾಗ ಅದರಿಂದ ಹೊರಡುವ ಅನಿಲಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ.

ಹೊಸದು ಕೊಳ್ಳುವವರು ಬಿಲ್ ಹಿಂದೆಯೇ ಬರೆಸಿ: ಇಷ್ಟು ವಾಟ್‌ಗೆ ಇಷ್ಟು ಗಂಟೆ, ಅಂಗಡಿ ಸೀಲು, ಸಹಿ. ಬರೆಯಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ. ಬರೆದುಕೊಟ್ಟು ಮೋಸ ಮಾಡಿದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದೊಳಗಿನ ವಸ್ತುವಿಗೆ ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ.

ಊರಿನವರು ಸೇರಿ ಸೆಕ್ಷನ್ ಆಫೀಸಿಗೆ ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ. 'ನಮ್ಮ ಊರಿನ ಫೀಡರ್ ಕಳೆದ ಆರು ತಿಂಗಳಲ್ಲಿ ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಬಂದ್ ಆಗಿತ್ತು?' ಇಷ್ಟೇ ಕೇಳಿ. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಿ, ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಿ. ಅದು ಸಿಕ್ಕಾಗ ಮಾತ್ರ ನಮಗೆ ಎಷ್ಟು ಬ್ಯಾಟರಿ ಬೇಕು, ನಿಜವಾಗಿ ಬೇಕೇ ಬೇಕಾ ಅನ್ನುವುದು ಗೊತ್ತಾಗುತ್ತದೆ.

ಅಂಗಡಿಯವರಿಗೂ ಕಂಪನಿಯವರಿಗೂ ನಾವು ಕೇಳುತ್ತಿರುವುದು ಒಂದೇ. ದುಡ್ಡು ಎಣಿಸಿ ತೆಗೆದುಕೊಳ್ಳುತ್ತೀರಿ, ಯೂನಿಟ್ ಎಣಿಸಿ ಬಿಲ್ ಕೊಡುತ್ತೀರಿ. ಗಂಟೆಯನ್ನೂ ಎಣಿಸಿ, ಬರೆದುಕೊಡಿ.